ಕೈಗೆ ಕೂಡುವ ಕೋಲು

ಬಳುಕದ ಕೋಲನ್ನು ನಾನು ನಂಬುವುದಿಲ್ಲ. ಊರುಗೋಲಿನ ಮಾತು ಬೇರೆ. ಮೈಭಾರವನ್ನು ನೆಲಕ್ಕೆ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು. ಬೀಸುವ ಕೋಲು, ನೆಟ್ಟಗೆ ಎತ್ತಿಕೊಂಡು ನಡೆಯುವ ಕೋಲು, ತುದಿಗೆ ಏನಾದರೂ ಕಟ್ಟಿಸಿಕೊಂಡ ಕೋಲು ಮಾತ್ರ ಬಾಗಬೇಕು, ಬಾಗಿದ್ದು ಹೊತ್ತಿಗೆ ಸರಿಯಾಗಿ ಮರಳಬೇಕು. ಎಷ್ಟು ಬಾಗಬೇಕು, ಎಷ್ಟು ಬೇಗ ಮರಳಬೇಕು, ಎಷ್ಟು ತೂಗಬೇಕು ಎಂಬ ಮೂರಕ್ಕೂ ಉತ್ತರ ಕೋಲಿನಲ್ಲಿ ಅರ್ಧ ಇದ್ದರೆ, ಹಿಡಿದವನ ಮೈಯಲ್ಲಿ ಇನ್ನರ್ಧ ಇರುತ್ತದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ, ಈಚೆಗೆ ಗಾಲ್ಫ್ ಕಲಿಯುತ್ತಿದ್ದಾನೆ. ಒಂದು ದಿನ ಫೋನ್ ಮಾಡಿ, “ಮಾಮಾ, ಹೊಸ ಡ್ರೈವರ್ ತಗೋಬೇಕಂತ ಮಾಡೀನ್ರಿ. ಶಾಫ್ಟ್ ಐವತ್ತು ಗ್ರಾಮಿಂದು ತಗೊಳ್ಳೋ, ಅರವತ್ತರದು ತಗೊಳ್ಳೋ? ಆರ್ ಫ್ಲೆಕ್ಸೋ, ಎಸ್ ಫ್ಲೆಕ್ಸೋ? ನೀವು ವಿಜ್ಞಾನ ಕಲಿಸಿದವ್ರು, ಹೇಳ್ರಿ” ಎಂದ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ನಾನು ವಿಜ್ಞಾನ ಕಲಿಸಿದ್ದು ನಿಜ. ಆದರೆ ಅವನ ಪ್ರಶ್ನೆ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಪಾಠದ ಪುಸ್ತಕ ಅಲ್ಲ, ಸೊಲ್ಲಾಪುರದ ನಂದಿಕೋಲು.

ಸಂಕ್ರಾಂತಿಯ ಸುತ್ತಿನ ದಿನಗಳಲ್ಲಿ ನಮ್ಮಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ಹನ್ನೆರಡನೆಯ ಶತಮಾನದಲ್ಲಿ, ಈ ಊರು ಸೊನ್ನಲಿಗೆಯಾಗಿದ್ದಾಗ, ಕೆರೆ ಕಟ್ಟಿಸಿ, ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿ, ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನ ನುಡಿದ ಶರಣರು ಅವರು. ಕುಂಬಾರರ ಮಗಳೊಬ್ಬಳು ಅವರನ್ನೇ ಮದುವೆಯಾಗುವೆನೆಂದು ಹಟ ಹಿಡಿದಳಂತೆ. ಯೋಗಿಯಾದ ಸಿದ್ಧರಾಮರು ತಮ್ಮ ಯೋಗದಂಡದೊಡನೆ ಮದುವೆಯಾಗಲು ಒಪ್ಪಿಗೆ ಕೊಟ್ಟರಂತೆ. ಆ ಮದುವೆಯೇ ಜಾತ್ರೆ. ಮೊದಲು ಎಣ್ಣೆಮಜ್ಜನ, ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಅದರ ಮರುದಿನ ಹೋಮ, ಆಮೇಲೆ ಮದ್ದಿನ ಆಟ, ಕೊನೆಗೆ ಕಪ್ಪಡಕಳ್ಳಿ. ಇವುಗಳಲ್ಲೆಲ್ಲ ಮುಂದೆ ನಡೆಯುವುದು ಬಿದಿರಿನ ಏಳು ನಂದಿಧ್ವಜ. ಕನ್ನಡದವರು ನಂದಿಕೋಲು ಎನ್ನುತ್ತೇವೆ, ಮರಾಠಿಯವರು ಕಾಠಿ ಎನ್ನುತ್ತಾರೆ. ಹಿರೇಹಬ್ಬು ಮನೆತನದ ವಾಡೆಯಿಂದ ಅವು ಹೊರಡುವಾಗ ಬಾಳಿವೇಸಿನ ಕಡೆಯ ಬೀದಿಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ಬಿಳಿಯ ಬಾರಾಬಂದಿ ತೊಟ್ಟವನೊಬ್ಬ ಬುಡವನ್ನು ಸೊಂಟಕ್ಕೆ ಆನಿಸಿ, ಎರಡೂ ಕೈಯಲ್ಲಿ ಹಿಡಿದು ನಡೆಯುತ್ತಾನೆ. ತುದಿ ಹಳೆಯ ಮಾಳಿಗೆ ಮನೆಗಳನ್ನು ಮೀರಿ ಮೇಲಿರುತ್ತದೆ. ಸುತ್ತ ಹತ್ತಾರು ಜನ ಜೊತೆಗಿದ್ದರೂ ಹೆಜ್ಜೆ ಅವನೊಬ್ಬನದೇ. ಜನ ಬಾಸಿಂಗ ನೋಡುತ್ತಾರೆ, ಹಾರ ನೋಡುತ್ತಾರೆ, ಕೈಮುಗಿಯುತ್ತಾರೆ. ನಾನೂ ಕೈಮುಗಿಯುತ್ತೇನೆ, ಆಮೇಲೆ ಕೋಲಿನ ನಡುವನ್ನು ನೋಡುತ್ತ ನಿಲ್ಲುತ್ತೇನೆ. ಹೆಜ್ಜೆ ಮುಂದೆ ಬಿದ್ದಾಗ ಬುಡ ಮೊದಲು ಹೊರಡುತ್ತದೆ, ನಡು ಬಾಗುತ್ತದೆ, ತುದಿ ತಡಮಾಡಿ ಬರುತ್ತದೆ. ತುದಿ ಬಂದು ಮುಂದಕ್ಕೆ ಹಾಯುವ ಹೊತ್ತಿಗೆ ಬುಡ ಅದನ್ನು ತಡೆಯಲು ತಯಾರಿರಬೇಕು. ನಡಿಗೆಯ ಲಯವೂ ಕೋಲಿನ ಓಲಾಟದ ಲಯವೂ ಒಂದೇ ಆಗಿಬಿಟ್ಟರೆ ಹೆಜ್ಜೆಹೆಜ್ಜೆಗೂ ಓಲಾಟ ಬೆಳೆಯುತ್ತದೆ, ಎಂಥ ಬಲಶಾಲಿಯ ಕೈಯಿಂದಲೂ ಜಾರುತ್ತದೆ. ಬಲ್ಲವನು ಹೆಜ್ಜೆಯನ್ನು ಚೂರು ಬದಲಿಸುತ್ತಾನೆ. ನೋಡುವವರಿಗೆ ಅದು ತಿಳಿಯುವುದೇ ಇಲ್ಲ.

ನಮ್ಮ ಓಣಿಯಲ್ಲಿ ಹಿಂದೆ ಕೋಲು ಹೊರುತ್ತಿದ್ದ ಹಿರಿಯರೊಬ್ಬರಿದ್ದರು. ಎಲ್ಲಕ್ಕಿಂತ ಕಷ್ಟ ಯಾವುದೆಂದು ಅವರನ್ನು ಕೇಳಿದ್ದೆ. “ಭಾರ ಅಲ್ರಿ ಗುರೂಜಿ. ಭಾರ ರೂಢಿ ಆಗ್ತದ. ತುದಿ ಯಾವಾಗ ಬರ್ತದ ಅಂಬೂದು ಸೊಂಟಕ್ಕ ತಿಳೀಬೇಕು, ತಲಿಗಿ ತಿಳಿದ್ರ ಉಪಯೋಗಿಲ್ಲ” ಎಂದರು. ಜಾತ್ರೆಗೆ ವಾರಗಳ ಮೊದಲೇ ಹುಡುಗರು ಸರಾವು, ಅಂದರೆ ಅಭ್ಯಾಸ, ಶುರುಮಾಡುವುದು ಇದಕ್ಕಾಗಿಯೇ. ತೋಳು ಬೆಳೆಸಲು ಗರಡಿಮನೆ ಸಾಕು. ಕೋಲಿನ ಹೊತ್ತು ಮೈಗೆ ಹತ್ತಬೇಕೆಂದರೆ ಕೋಲನ್ನೇ ಹಿಡಿಯಬೇಕು.

ಹೋಮದ ದಿನ ಮೊದಲ ನಂದಿಕೋಲಿಗೆ ನಾಗಫಣಿ ಕಟ್ಟುತ್ತಾರೆ. ಅದನ್ನು ಹೊರುವುದು ದೊಡ್ಡ ಮಾನ, ಅಷ್ಟೇ ದೊಡ್ಡ ಹೊಣೆ. ಹಿಂದಿನ ದಿನ ಹೊತ್ತ ಕೋಲೇ ಅದು, ಬಿದಿರು ಅದೇ, ಹೊರುವ ಮೈಯೂ ಅಂಥದೇ. ಆದರೂ ತುದಿಯ ತೂಕ ಹೆಚ್ಚಾದ ಕೂಡಲೇ ಅದು ಬೇರೆ ಕೋಲು. ಹೆಚ್ಚು ಬಾಗುತ್ತದೆ, ನಿಧಾನವಾಗಿ ಮರಳುತ್ತದೆ. ನಿನ್ನೆ ಕಲಿತ ಲಯ ಇವತ್ತು ಸಾಲದು. ಅಕ್ಕನ ಮಗನಿಗೆ ನಾನು ಮೊದಲು ಹೇಳಿದ್ದು ಇದನ್ನೇ: ಅಂಗಡಿಯಲ್ಲಿ ಬರಿಯ ಶಾಫ್ಟನ್ನು ಕೈಯಲ್ಲಿ ಬಗ್ಗಿಸಿ ನೋಡಿ ತೀರ್ಮಾನ ಮಾಡಬೇಡ, ನಿನ್ನ ಡ್ರೈವರಿನ ತಲೆ ಕೂಡಿಸಿದ ಮೇಲೆ ಹೇಗೆ ವರ್ತಿಸುತ್ತದೆ ನೋಡು.

ಡ್ರೈವರ್ ಎಂದರೆ ಗಾಲ್ಫ್ ಚೀಲದಲ್ಲಿ ಎಲ್ಲಕ್ಕಿಂತ ಉದ್ದನೆಯ ಕೋಲು, ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ತುದಿಯ ಟೊಳ್ಳು ತಲೆ ಸುಮಾರು 200 ಗ್ರಾಂ ತೂಗುತ್ತದೆ, ಹಿಡಿಕೆ ಹೆಚ್ಚುಕಡಿಮೆ 50 ಗ್ರಾಂ. ಎರಡರ ನಡುವಿನ ಕೊಳವೆಯೇ ಶಾಫ್ಟ್. ಹಿಂದೆ ಅದು ಹಿಕರಿ ಎಂಬ ಅಮೆರಿಕದ ಮರದಿಂದ ಆಗುತ್ತಿತ್ತು. ಉಕ್ಕಿನ ಶಾಫ್ಟಿಗೆ ಅಮೆರಿಕದಲ್ಲಿ 1924ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಹಿರಿಯರಿಂದ 1929ರಲ್ಲಿ ಒಪ್ಪಿಗೆ ಸಿಕ್ಕಿತು. ಉಕ್ಕಿನ ಡ್ರೈವರ್ ಶಾಫ್ಟ್ 120 ಗ್ರಾಂ ಹತ್ತಿರ ತೂಗುತ್ತಿತ್ತು. ಗ್ರಾಫೈಟ್ ಬಂದ ಮೇಲೆ ಅದು 40ರಿಂದ 80 ಗ್ರಾಮಿಗೆ ಇಳಿದಿದೆ. ಆಟಗಾರ ತಲೆಯ ಮೇಲೆ ಎತ್ತಿದ ಕೋಲನ್ನು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತಿನಲ್ಲಿ ಕೆಳಗೆ ತರುತ್ತಾನೆ. ತಲೆಯೂ ಚೆಂಡೂ ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಎರಡು ಸಾವಿರ ಪಾಲಿನಲ್ಲಿ ಒಂದು ಪಾಲು. ಆ ಕ್ಷಣಕ್ಕೆ ತಲೆಯ ಮುಖ ನೆಟ್ಟಗಿರಬೇಕು. ಶಾಫ್ಟಿನ ಆಯ್ಕೆಯೆಲ್ಲ ಇಷ್ಟಕ್ಕಾಗಿ.

ಶಾಫ್ಟು ಬಾಗಿ ಚಿಮ್ಮಿ ಚೆಂಡನ್ನು ದೂರ ಎಸೆಯುತ್ತದೆ, ಹೆಚ್ಚು ಬಳುಕಿದಷ್ಟೂ ಹೆಚ್ಚು ದೂರ ಎಂದು ಬಹಳ ಜನ ತಿಳಿದಿದ್ದಾರೆ. ಚಿಮ್ಮುವ ವೇಗದ ಪಾಲು ಅಲ್ಲಿ ಸಣ್ಣದು. ಬಳುಕಿನ ದೊಡ್ಡ ಕೆಲಸ ಹೊತ್ತು ಕಾಯುವುದು. ಬೀಸು ಶುರುವಾದಾಗ ತಲೆ ಹಿಂದೆ ಉಳಿಯುತ್ತದೆ, ಶಾಫ್ಟು ಹಿಂದಕ್ಕೆ ಬಾಗುತ್ತದೆ. ಕೆಳಗೆ ಬರುವಷ್ಟರಲ್ಲಿ ಅದು ನೆಟ್ಟಗಾಗಿ, ಚೆಂಡಿನ ಬಳಿ ತಲೆಯೇ ಕೊಂಚ ಮುಂದಾಗಿರುತ್ತದೆ. ತಲೆಯ ಭಾರದ ನಡುಬಿಂದು ಶಾಫ್ಟಿನ ಗೆರೆಯಿಂದ ಆಚೆಗಿರುವುದರಿಂದ ಹೊರಸೆಳೆತ ಅದನ್ನು ಮುಂದಕ್ಕೆ ತರುತ್ತದೆ. ಬಲಗೈ ಆಟಗಾರನಿಗೆ ಶಾಫ್ಟು ಬಿಗಿಯಾದರೆ ಚೆಂಡು ತಗ್ಗಾಗಿ ಬಲಕ್ಕೆ ಹೋಗುವ ಒಲವು, ಸಡಿಲವಾದರೆ ಎತ್ತರವಾಗಿ ಎಡಕ್ಕೆ. ನಮ್ಮ ಓಣಿಯ ಹಿರಿಯರು ಸೊಂಟದಿಂದ ಕಲಿತದ್ದು ಇದೇ ವಿದ್ಯೆ: ತುದಿ ಯಾವಾಗ ಬರುತ್ತದೆ?

ಶಾಲೆಯಲ್ಲಿ ಇದನ್ನು ತೋರಿಸಲು ನನಗೆ ಉಕ್ಕಿನ ಅಳತೆಪಟ್ಟಿಯೊಂದು ಸಾಕಾಗುತ್ತಿತ್ತು. ಮೇಜಿನ ಅಂಚಿಗೆ ಒತ್ತಿ ಹಿಡಿದು ಹೊರಗಿನ ತುದಿಯನ್ನು ಮೀಟಿದರೆ ಅದು ಝೇಂಕರಿಸುತ್ತದೆ. ಹೊರಗೆ ಇನ್ನಷ್ಟು ಬಿಟ್ಟರೆ ನಿಧಾನವಾಗುತ್ತದೆ. ತುದಿಗೆ ಮೇಣದ ಉಂಡೆ ಅಂಟಿಸಿದರೆ ಮತ್ತೂ ನಿಧಾನ. ಒಂದೇ ಭಾರಕ್ಕೆ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು; ಗಟ್ಟಿ ಕೋಲಿನ ದಪ್ಪ ಎರಡರಷ್ಟಾದರೆ ಬಿಗುವು ಹದಿನಾರರಷ್ಟು. ಮಕ್ಕಳು ಎಂಟು, ಹದಿನಾರು ಎಂಬ ಸಂಖ್ಯೆಗಳನ್ನು ನಂಬುತ್ತಿರಲಿಲ್ಲ. ಮಾಡಿ ನೋಡಿದ ಮೇಲೆ ಬಾಯಿ ತೆರೆದು ನಿಲ್ಲುತ್ತಿದ್ದರು. ಬಿದಿರು ಇಷ್ಟು ಹಗುರವಾಗಿದ್ದೂ ಇಷ್ಟು ಬಿಗಿಯಾಗಿರುವ ಗುಟ್ಟೂ ಅಲ್ಲೇ ಇದೆ. ನಾರೆಲ್ಲ ಹೊರಗೋಡೆಯಲ್ಲಿ ದಟ್ಟವಾಗಿ, ಒಳಗೆ ಟೊಳ್ಳಾಗಿ, ನಡುನಡುವೆ ಗೆಣ್ಣಿನ ಗೋಡೆ ಇಟ್ಟುಕೊಂಡು ಬೆಳೆಯುವ ಗಿಡ ಅದು. ಗ್ರಾಫೈಟ್ ಶಾಫ್ಟನ್ನೂ ನಾರಿನ ಹಾಳೆಗಳನ್ನು ಕೊಳವೆಯಾಗಿ ಸುತ್ತಿಯೇ ಮಾಡುತ್ತಾರೆ. ಅಲ್ಲಿಯೂ ಬುಡವನ್ನು ಬಿಗಿ ಹಿಡಿದು, ತಲೆಯ ಕಡೆಯನ್ನು ಮೀಟಿ, ನಿಮಿಷಕ್ಕೆ ಎಷ್ಟು ಸಲ ತೂಗಾಡಿತೆಂದು ಯಂತ್ರದಿಂದ ಎಣಿಸುತ್ತಾರೆ. ಡ್ರೈವರಿನಲ್ಲಿ ಅದು 250ರ ಆಸುಪಾಸು. ನನ್ನ ಮೇಜಿನ ಅಂಚಿನ ಪ್ರಯೋಗ ಅಲ್ಲಿ ದೊಡ್ಡ ಉದ್ಯಮವಾಗಿರುವುದು ತಿಳಿದು ಬಹಳ ಸಂತೋಷಪಟ್ಟೆ.

ಅಂಥ ಯಂತ್ರಗಳ ಮಾತಿಲ್ಲದ ಕಾಲದ ಒಬ್ಬ ಆಟಗಾರನ ವಿಷಯ ನನಗೆ ಬಲು ಇಷ್ಟ. ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ಆಗಿನ ನಾಲ್ಕೂ ದೊಡ್ಡ ಪಂದ್ಯಗಳನ್ನು ಗೆದ್ದವನು. ಅವನ ಕೋಲುಗಳು ಹಿಕರಿಯವು. ಮರ ಎಂದಮೇಲೆ ಒಂದರ ಹಾಗೆ ಇನ್ನೊಂದಿಲ್ಲ. ಎಷ್ಟೋ ಕೋಲುಗಳನ್ನು ಕೈಯಲ್ಲಿ ತೂಗಿ, ಬೀಸಿ, ಒಂದೊಂದನ್ನೇ ಆರಿಸಿಕೊಳ್ಳಬೇಕಿತ್ತು. ಬಹಳ ಕಾಲದ ಮೇಲೆ ಅವನ ಕೋಲುಗಳನ್ನು ಅಳೆದು ನೋಡಿದಾಗ, ಒಂದನ್ನು ಬಿಟ್ಟು ಉಳಿದವೆಲ್ಲ ಒಂದಕ್ಕೊಂದು ಹೊಂದಿದ್ದವಂತೆ. ಹೊಂದದ ಆ ಒಂದು ಕೋಲೇ ಆಟದುದ್ದಕ್ಕೂ ಅವನಿಗೆ ತೊಂದರೆ ಕೊಟ್ಟದ್ದು ಎಂದು ಗಾಲ್ಫ್ ಬಲ್ಲವರು ಇಂದಿಗೂ ಹೇಳುತ್ತಾರೆ. ಅಳತೆ ಆಮೇಲೆ ಬಂತು, ಕೈ ಮೊದಲೇ ಹೇಳಿತ್ತು.

ಶಾಫ್ಟಿನ ಮೇಲೆ ಅಚ್ಚಾಗಿರುವ ಅಕ್ಷರಗಳಿಗೆ ನಾನು ಹೆಚ್ಚು ಬೆಲೆ ಕೊಡದಿರುವುದು ಇದಕ್ಕೇ. ಎಲ್, ಎ, ಆರ್, ಎಸ್, ಎಕ್ಸ್ ಎಂದು ಬಳುಕಿನಿಂದ ಬಿಗುವಿನ ಕಡೆಗೆ ಐದು ಮೆಟ್ಟಿಲು. ತಲೆಯ ವೇಗ ತಾಸಿಗೆ 135ರಿಂದ 150 ಕಿಲೋಮೀಟರ್ ಇದ್ದವರಿಗೆ ಆರ್, ಅದಕ್ಕೂ ಮೇಲೆ 170ರವರೆಗೆ ಎಸ್, ಅದನ್ನೂ ದಾಟಿದವರಿಗೆ ಎಕ್ಸ್ ಎಂದು ಒಂದು ಅಂದಾಜು ಲೆಕ್ಕ ಬಳಕೆಯಲ್ಲಿದೆ. ಆರಂಭಕ್ಕೆ ಒಳ್ಳೆಯದೇ. ಆದರೆ ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ. ಒಂದು ಕಂಪನಿಯ ಆರ್ ಇನ್ನೊಂದು ಕಂಪನಿಯ ಎಸ್‌ನಷ್ಟು ಬಿಗಿ ಇರಬಹುದು. ಮೇಲಾಗಿ ವೇಗವೊಂದೇ ಸಾಲದು. ಒಂದೇ ವೇಗದ ಇಬ್ಬರಲ್ಲಿ ಒಬ್ಬ ಮೇಲಿನಿಂದ ಗಕ್ಕನೆ ಎಳೆಯುತ್ತಾನೆ, ಇನ್ನೊಬ್ಬ ನಿಧಾನವಾಗಿ ಶುರುಮಾಡಿ ಕೆಳಗೆ ಬರುತ್ತ ವೇಗ ತುಂಬುತ್ತಾನೆ. ಗಕ್ಕನೆ ಎಳೆಯುವವನಿಗೆ ಕೊಂಚ ಭಾರದ, ಬಿಗಿಯಾದ ಶಾಫ್ಟು ಹಿಡಿಸುತ್ತದೆ; ಎರಡನೆಯವನಿಗೆ ಅದೇ ಶಾಫ್ಟು ಸತ್ತ ಕಟ್ಟಿಗೆ.

“ಹಂಗಾದ್ರ ಫ್ಲೆಕ್ಸ್ ಹ್ಯಾಂಗ ಆರಿಸ್ಲಿ?” ಎಂದು ಅಕ್ಕನ ಮಗ ಕೇಳಿದ. ಮೊದಲು ತೂಕ ಆರಿಸು ಎಂದೆ. ತೂಕ ಹೊಂದದಿದ್ದರೆ ಬಳುಕಿನ ಪರೀಕ್ಷೆಯೇ ಕೆಡುತ್ತದೆ. ಹಗುರ ಶಾಫ್ಟು ಹೆಚ್ಚು ಜನರ ಬೀಸಿನ ವೇಗವನ್ನು ಚೂರು ಹೆಚ್ಚಿಸುತ್ತದೆ, ಆ ಆಸೆಗೆ ಜನ ಹಗುರದ ಹಿಂದೆ ಹೋಗುತ್ತಾರೆ. ತೀರ ಹಗುರವಾದರೆ ಕೈ ಅವಸರಪಡುತ್ತದೆ, ತಲೆ ಎಲ್ಲಿದೆ ಎಂಬ ಅರಿವು ತಪ್ಪುತ್ತದೆ, ಚೆಂಡು ತಲೆಯ ನಡುವಿಗೆ ಬೀಳುವುದು ಬಿಟ್ಟು ಆಚೆಈಚೆ ಬೀಳುತ್ತದೆ. ನಡು ತಪ್ಪಿದ ಹೊಡೆತದಲ್ಲಿ ಕಳೆದುಹೋಗುವ ದೂರ, ವೇಗದಿಂದ ಗಳಿಸಿದ ದೂರಕ್ಕಿಂತ ಹೆಚ್ಚು. ಭಾರ ಮಿತಿಮೀರಿದರೆ ಮೊದಲ ಕೆಲವು ಕುಳಿಗಳವರೆಗೆ ಬಲು ಚೆನ್ನ, ಹದಿನೆಂಟಕ್ಕೆ ಬರುವಷ್ಟರಲ್ಲಿ ತೋಳು ಸೋಲುತ್ತದೆ. ಬೆಳಿಗ್ಗೆ ಮೈ ಹುರುಪಿನಲ್ಲಿದ್ದಾಗ ಆರಿಸಿದ ತೂಕ ಸಾಯಂಕಾಲಕ್ಕೂ ಹಿತವಾಗಿರಬೇಕು. ನೂರು ಚೆಂಡು ಹೊಡೆದು ದಣಿದ ಮೇಲೂ ಯಾವ ತೂಕದಲ್ಲಿ ಚೆಂಡು ತಾಗಿದ ಗುರುತುಗಳು ತಲೆಯ ನಡುವೆ ಗುಂಪಾಗಿರುತ್ತವೋ ಆ ತೂಕ ನಿನ್ನದು, ಬಳುಕನ್ನು ಆ ತೂಕದೊಳಗೇ ಹುಡುಕು ಎಂದೆ. ನಂದಿಕೋಲು ಹೊರುವವನಿಗೂ ಪರೀಕ್ಷೆ ಎದುರಾಗುವುದು ವಾಡೆಯ ಬಾಗಿಲಲ್ಲಿ ಅಲ್ಲ, ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆ ತೀರುತ್ತ ಬಂದಾಗ.

ಒಂದು ಮಾತು ಅವನಿಗೆ ಕಠಿಣವಾಗಿಯೇ ಹೇಳಬೇಕಾಯಿತು. ಅವನ ಮನಸ್ಸು ಎಸ್ ಕಡೆಗೆ ವಾಲಿತ್ತು, ಕಾರಣ ಜೊತೆಯ ಗೆಳೆಯರೆಲ್ಲ ಎಸ್. ಬಿಗಿ ಎಂದರೆ ಬಲ, ಬಳುಕು ಎಂದರೆ ಮುದುಕರದು, ಹೆಂಗಸರದು ಎಂಬ ಭಾವನೆ ನಮ್ಮ ಹುಡುಗರಲ್ಲಿ ಬೇರೂರಿದೆ. ಶಾಫ್ಟುಗಳಿಗೆ ಲೇಡೀಸ್, ಸೀನಿಯರ್ ಎಂದು ಹೆಸರಿಟ್ಟವರೂ ಅದಕ್ಕೆ ನೀರೆರೆದಿದ್ದಾರೆ. ಆ ಹೆಸರುಗಳನ್ನು ಕಿತ್ತುಹಾಕಬೇಕೆಂದೇ ನನ್ನ ಅಭಿಪ್ರಾಯ. ಬೀಸಿನ ವೇಗಕ್ಕೆ ಲಿಂಗವೂ ಇಲ್ಲ, ವಯಸ್ಸೂ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಆಡಿದ್ದು 2021ರ ಆಗಸ್ಟಿನಲ್ಲಿ. ಕೋವಿಡ್‌ನಿಂದ ಎದ್ದು ಬಂದಿದ್ದ ಆಕೆಯ ಡ್ರೈವರ್ ಹೊಡೆತಗಳು ಅಲ್ಲಿದ್ದವರಲ್ಲೇ ತೀರ ಗಿಡ್ಡನೆಯವುಗಳ ಸಾಲಿನಲ್ಲಿದ್ದವು. ಆದರೂ ಎಲ್ಲಿಗೆ ಹೊಡೆಯಬೇಕೋ ಅಲ್ಲಿಗೆ ಹೊಡೆದು, ಹಸಿರಿನ ಮೇಲೆ ಚೆಂಡನ್ನು ಕುಳಿಗೆ ಸೇರಿಸುವುದರಲ್ಲಿ ದೊಡ್ಡ ದೊಡ್ಡವರನ್ನು ಹಿಂದೆ ಹಾಕಿ, ಕೊನೆಗೆ ನಾಲ್ಕನೆಯವಳಾಗಿ ನಿಂತಳು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಆ ಶನಿವಾರ ಬೆಳಿಗ್ಗೆ, ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ನಮ್ಮ ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದೆವು. ತನ್ನಲ್ಲಿಲ್ಲದ ದೂರವನ್ನು ಆಕೆ ಬೆನ್ನಟ್ಟಲಿಲ್ಲ. ಅದನ್ನು ನೋಡಿದ ಮೇಲೂ ಎಕ್ಸ್ ಅಕ್ಷರದ ಮೋಹ ಯಾರಿಗಾದರೂ ಉಳಿದರೆ ನನಗೆ ಬೇಸರವಾಗುತ್ತದೆ.

ಬಿಗುವನ್ನೇ ಬಲವೆಂದು ತಿಳಿಯುವವರನ್ನು ನಾನು ಅಕ್ಕಲಕೋಟೆಗೆ ಕರೆದೊಯ್ಯಬಯಸುತ್ತೇನೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಸಾವಿರಾರು ಜನರಲ್ಲಿ ಅಲ್ಲಿಯ ಭೋಸಲೆ ಸಂಸ್ಥಾನಿಕರ ಶಸ್ತ್ರಸಂಗ್ರಹ ನೋಡಿ ಹೋಗುವವರು ಕಡಿಮೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಕತ್ತಿಗಳ ಮುಂದೆ ಅವರು ಗುಂಪುಗಟ್ಟಿದಾಗ ನಾನು ಈಟಿಗಳ ಮಾತು ತೆಗೆಯುತ್ತಿದ್ದೆ. ಓಡುವ ಕುದುರೆಯ ಮೇಲಿಂದ ಈಟಿ ತಾಗಿದರೆ ಎದುರಾಳಿಯ ಪೆಟ್ಟಿನಷ್ಟೇ ಪೆಟ್ಟು ಹಿಡಿದವನ ಹೆಗಲಿಗೂ ಬರುತ್ತದೆ. ಬಾಗದ ಕಾವು ಮುರಿಯಬೇಕು, ಇಲ್ಲವೇ ಸವಾರನನ್ನು ಕೆಡವಬೇಕು. ನಮ್ಮ ನಾಡಿನ ಸವಾರರು ಬಿದಿರ ಕಾವು ಹಿಡಿದದ್ದು ಆ ತಿಳಿವಳಿಕೆಯಿಂದ. ಒಳಗೆ ಹೆಚ್ಚುಕಡಿಮೆ ತುಂಬಿಕೊಂಡೇ ಬೆಳೆಯುವ ಗಂಡುಬಿದಿರು ಅದಕ್ಕೆ ಹೇಳಿ ಮಾಡಿಸಿದ್ದು: ತೆಳ್ಳಗೆ, ಬಾಗುವಂಥದು, ಮುರಿಯದಂಥದು. ಬ್ರಿಟಿಷರ ಅಶ್ವದಳವೂ ಹತ್ತೊಂಬತ್ತನೆಯ ಶತಮಾನದಲ್ಲಿ ತನ್ನ ಆ್ಯಶ್ ಮರದ ಕಾವಿನ ಜಾಗದಲ್ಲಿ ಭಾರತದ ಬಿದಿರನ್ನು ತಂದುಕೊಂಡಿತು. ಪ್ರಾಣದ ಪ್ರಶ್ನೆ ಬಂದಾಗ ಯಾರೂ ಬಿಗುವಿನ ಹಮ್ಮು ಇಟ್ಟುಕೊಳ್ಳಲಿಲ್ಲ.

ಅಕ್ಕನ ಮಗ ಮಾತು ಕೇಳಿದ. ಅಭ್ಯಾಸದ ಮೈದಾನದಲ್ಲಿ ವೇಗ ಅಳೆಯುವ ಯಂತ್ರದ ಮುಂದೆ ನಿಂತು, ಅಕ್ಷರ ಕಾಣದಂತೆ ಶಾಫ್ಟುಗಳಿಗೆ ಕಾಗದ ಸುತ್ತಿಸಿ ಹೊಡೆದ. ಕಾಗದದ ಉಪಾಯ ನನ್ನದು. ತಲೆಯ ವೇಗ ತಾಸಿಗೆ 145 ಕಿಲೋಮೀಟರ್ ಆಸುಪಾಸು ಬಂತು. ಅರವತ್ತು ಗ್ರಾಮಿನ ಶಾಫ್ಟಿನಲ್ಲಿ ಮೊದಮೊದಲು ಚೆಂದ ಹೊಡೆದವನು ಕೊನೆಕೊನೆಗೆ ಬಲಕ್ಕೆ ಎಸೆಯತೊಡಗಿದ. ನಲವತ್ತರದು ಕೈಗೆ ಸಿಕ್ಕುತ್ತಲೇ ಇರಲಿಲ್ಲವಂತೆ. ಐವತ್ತು ದಾಟಿದ ಒಂದು ಶಾಫ್ಟಿನಲ್ಲಿ ಗುರುತುಗಳು ನಡುವಿಗೆ ಬಂದು ಕೂತವು. ಕಾಗದ ಬಿಚ್ಚಿದರೆ ಆರ್.

ಇನ್ನು ಉಳಿದದ್ದು ಉದ್ದ. ಉದ್ದವಾದಷ್ಟೂ ದೂರ ಎಂಬ ಆಸೆ ಅವನಿಗೂ ಇತ್ತು. ನಿಯಮ 48 ಇಂಚಿನವರೆಗೆ ಬಿಡುತ್ತದೆ. ದೊಡ್ಡ ವೃತ್ತಿಪರ ಪಂದ್ಯಗಳಲ್ಲಿ 2022ರಿಂದ 46ರ ಮಿತಿ ಬಂದಿದೆ. ಅವನಿಗೆ 46 ಬೇಕಿತ್ತು. ಉದ್ದ ಕೂಡಿಸಿದರೆ ಬಳುಕು ಕೂಡುತ್ತದೆ, ತುದಿಯ ತೂಕ ಕೈಗೆ ಹೆಚ್ಚು ತಿಳಿಯುತ್ತದೆ, ಇಷ್ಟೊತ್ತು ಆರಿಸಿದ್ದೆಲ್ಲ ಮತ್ತೆ ಮೊದಲಿನಿಂದ ಆರಿಸಬೇಕು ಎಂದೆ. 44 ಮುಕ್ಕಾಲಿಗೆ ಬುಡದ ಕಡೆ ಕತ್ತರಿಸು. ಕತ್ತರಿಸಿದ ಮೇಲೆ ತಲೆ ಹಗುರ ಅನಿಸಿದರೆ ಅಡಿಗೆ ಚೂರು ಸೀಸದ ಪಟ್ಟಿ ಅಂಟಿಸು, ಒಂದೆರಡು ಗ್ರಾಮಿನಿಂದ ಶುರುಮಾಡು ಎಂದೂ ಹೇಳಿದೆ.

“ಎಲ್ಲಿ ಅಂಟಿಸ್ಲಿರಿ ಮಾಮಾ, ಹಿಮ್ಮಡ ಕಡೀಗೋ, ತುದಿ ಕಡೀಗೋ?”

“ಮೊದಲ ಹಿಂದ, ನಡುವಿಗೆ ಅಂಟಿಸು. ಹತ್ತು ಚೆಂಡ ಹೊಡಿ. ಆಮ್ಯಾಲ ಫೋನ್ ಮಾಡು.”